‘ಪಾಸ್ತಾ ಬೆಂದೇ ಇಲ್ಲವಲ್ಲ!’: ಇಟಾಲಿಯನ್ ಊಟದ ಪ್ರಶ್ನೋತ್ತರ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಓದುಗರು ಈ ಸಲ ಕಳಿಸಿದ ಪತ್ರಗಳಲ್ಲಿ ಇಟಾಲಿಯನ್ ಊಟದ್ದೇ ಮೇಲುಗೈ. ಹುಟ್ಟುಹಬ್ಬಕ್ಕೋ ವಾರ್ಷಿಕೋತ್ಸವಕ್ಕೋ ಬೆಂಗಳೂರಿಗೆ ಹೋಗಿ, ಇಪ್ಪತ್ತು ಮೂವತ್ತು ಕುರ್ಚಿಯ ಪುಟ್ಟ, ಜೇಬಿಗೆ ಭಾರವಾದ ರೆಸ್ಟೊರೆಂಟಿನಲ್ಲಿ ಉಂಡು ಬಂದವರ, ಉಣ್ಣಲು ಹೊರಟವರ ಸಂದೇಹಗಳು ಇವು.

ಅಪ್ಪ ಅಮ್ಮನ ಮದುವೆಯಾಗಿ ನಲವತ್ತು ವರ್ಷ. ಸಣ್ಣ ಇಟಾಲಿಯನ್ ರೆಸ್ಟೊರೆಂಟೊಂದಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಇಬ್ಬರೂ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮೆನುವಿನಲ್ಲಿ ಅರ್ಧಕ್ಕರ್ಧ ಹೆಸರುಗಳ ಮುಂದೆ ಹಸಿರು ಎಲೆಯ ಗುರುತಿದೆ. ಅದನ್ನು ನಂಬಬಹುದೆ?
– ಓದುಗರು, ಕ್ಯಾತ್ಸಂದ್ರ

ಗುರುತೊಂದನ್ನೇ ನಂಬಿ ಹೋಗಬೇಡಿ. ಎಷ್ಟೋ ಕಡೆ ಅದರ ಅರ್ಥ, ತಟ್ಟೆಯಲ್ಲಿ ಮಾಂಸದ ತುಂಡಿಲ್ಲ ಎಂದಷ್ಟೆ. ಕಣ್ಣಿಗೆ ಬೀಳದೆ ಸೇರಿಕೊಳ್ಳುವುದೇ ಇಲ್ಲಿ ತೊಡಕು.

ಚೀಸ್‌ನಿಂದ ಶುರು ಮಾಡೋಣ. ಹಾಲು ಗಟ್ಟಿಯಾಗಲು ರೆನೆಟ್ ಎಂಬ ಕಿಣ್ವ ಬೇಕು. ಪಾರ್ಮಿಜಾನೊ ರೆಜ್ಜಾನೊಗೂ ಗ್ರಾನಾ ಪದಾನೊಗೂ ಬಳಸುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಪೆಕೊರಿನೊ ರೊಮಾನೊಗೆ ಕುರಿಮರಿಯದು. ಆ ಹೆಸರು ಬೇಕಿದ್ದರೆ ಆ ಪದ್ಧತಿ ಬಿಡುವ ಹಾಗಿಲ್ಲ. ಹಾಗಾಗಿ ಅಸಲಿ ಇಟಲಿಯ ಪಾರ್ಮಿಜಾನೊ ತುರಿದಿದ್ದಾರೆ ಎಂದರೆ ಕಟ್ಟುನಿಟ್ಟಿನ ಸಸ್ಯಾಹಾರಿಗೆ ಆ ತಟ್ಟೆ ಆಗಿಬರುವುದಿಲ್ಲ. ನಮ್ಮ ದೇಶದಲ್ಲೇ ತಯಾರಾಗಿ ಹಸಿರು ಚುಕ್ಕೆ ಹೊತ್ತ ಚೀಸ್‌ಗೆ ಸೂಕ್ಷ್ಮಜೀವಿಗಳಿಂದ ಪಡೆದ ರೆನೆಟ್ ಹಾಕುತ್ತಾರೆ, ಅದು ಸರಿ. ಆದ್ದರಿಂದ ‘ಇದು ವೆಜ್ಜಾ?’ ಎಂದು ಕೇಳಬೇಡಿ. ‘ತುರಿದು ಹಾಕುವ ಚೀಸ್ ಯಾವುದು, ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ಇದೆಯೇ?’ ಎಂದು ಕೇಳಿ. ಮೊದಲ ಪ್ರಶ್ನೆಗೆ ಎಲ್ಲರೂ ಹೌದು ಎನ್ನುತ್ತಾರೆ. ಎರಡನೆಯದಕ್ಕೆ ಅಡುಗೆಮನೆಗೆ ಹೋಗಿ ನೋಡಿ ಬರಬೇಕಾಗುತ್ತದೆ. ಪಾಸ್ತಾದ ಮೇಲೆ ಉದುರಿಸುವ ಚೀಸ್ ಬೇಡ ಎಂದರೆ ನಿಲ್ಲಿಸುತ್ತಾರೆ. ಆದರೆ ಪೆಸ್ತೊದಲ್ಲಿ ಅದು ತುಳಸಿಯ ಬಳಗದ ಬೇಸಿಲ್ ಎಲೆ, ಪೈನ್ ಬೀಜ, ಬೆಳ್ಳುಳ್ಳಿಯ ಜೊತೆ ಮೊದಲೇ ಅರೆದು ಸೇರಿರುತ್ತದೆ, ಹೊರಗೆ ತೆಗೆಯಲಾಗದು.

ಇನ್ನು ಸ್ಟಾಕ್. ರಿಸೊತ್ತೊ ಎಂಬ ಅನ್ನದ ಖಾದ್ಯಕ್ಕೆ, ಮಿನೆಸ್ತ್ರೋನೆ ಎಂಬ ತರಕಾರಿ ಸೂಪಿಗೆ ಕೋಳಿಯ ಮೂಳೆ ಕುದಿಸಿದ ನೀರು ಹಾಕುವುದು ಸಾಮಾನ್ಯ. ಅಣಬೆ ರಿಸೊತ್ತೊ ಎಂದು ಹಸಿರು ಎಲೆ ಅಂಟಿಸಿದ್ದರೂ ಇದನ್ನೊಂದು ಕೇಳಲೇಬೇಕು. ಜೊತೆಗೆ ರಿಸೊತ್ತೊಗೆ ಶುರುವಿನಲ್ಲೇ ಅರ್ಧ ಲೋಟದಷ್ಟು ಬಿಳಿ ವೈನ್ ಬೀಳುತ್ತದೆ. ಅಪ್ಪ ಅಮ್ಮನಿಗೆ ಅದೂ ಬೇಡವಾದರೆ ಹೇಳಿ. ಪುತ್ತನೆಸ್ಕಾ ಸಾಸ್‌ನಲ್ಲಿ ಆಂಚೊವಿ ಎಂಬ ಉಪ್ಪುಮೀನು ಕರಗಿ ಹೋಗಿರುತ್ತದೆ. ಮರಿನಾರಾ ಪಿಜ್ಜಾದಲ್ಲಿ ಮಾತ್ರ, ಹೆಸರು ಕಡಲಿನದಾದರೂ, ಮೀನಿಲ್ಲ: ಟೊಮೆಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ, ಅಷ್ಟೆ. ಚೀಸ್ ಸಹ ಇಲ್ಲ.

ಮೊಟ್ಟೆಯ ವಿಷಯಕ್ಕೆ ಬಂದರೆ, ‘ಫ್ರೆಶ್ ಪಾಸ್ತಾ’, ‘ನಮ್ಮಲ್ಲೇ ಮಾಡಿದ್ದು’ ಎಂದಿದ್ದಲ್ಲೆಲ್ಲ ಮೊಟ್ಟೆ ಇದೆಯೆಂದೇ ತಿಳಿಯಿರಿ. 100 ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆ ಅದರ ಹಳೆಯ ಲೆಕ್ಕ. ತಾಲಿಯಾತೆಲ್ಲೆ, ರವಿಯೋಲಿ, ಲಸಾನ್ಯಾ ಈ ಗುಂಪಿನವು. ಡ್ಯೂರಮ್ ಗೋಧಿಯ ರವೆ ಮತ್ತು ನೀರಿನಿಂದಾದ ಒಣ ಪಾಸ್ತಾ, ಅಂದರೆ ಸಾಮಾನ್ಯ ಸ್ಪಗೆಟ್ಟಿ, ಪೆನ್ನೆ, ರಿಗಾತೋನಿ, ಇವುಗಳಲ್ಲಿ ಮೊಟ್ಟೆ ಇರುವುದಿಲ್ಲ. ಸಿಹಿಯಲ್ಲಿ ತಿರಮಿಸು ಮುಟ್ಟಬೇಡಿ: ಕೆನೆಯಲ್ಲಿ ಹಸಿ ಹಳದಿ, ಬಿಸ್ಕತ್ತಿನಲ್ಲೂ ಮೊಟ್ಟೆ. ಪನ್ನಾ ಕೊತ್ತಾ ಬರೀ ಕೆನೆಯಂತೆ ಕಂಡರೂ ಗಟ್ಟಿಯಾಗಿರುವುದು ಜೆಲಟಿನ್‌ನಿಂದ, ಅಂದರೆ ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಅಂಟಿನಿಂದ. ಹಣ್ಣಿನ ರಸ ಹೆಪ್ಪುಗಟ್ಟಿಸಿದ ಸೊರ್ಬೆತ್ತೊ ಬಹುಮಟ್ಟಿಗೆ ನಿರ್ಭಯ.

ಹಾಗಾದರೆ ಏನು ತಿನ್ನುವುದು? ಒಣ ಪಾಸ್ತಾದಲ್ಲಿ ಅರಾಬಿಯಾತಾ (ಟೊಮೆಟೊ, ಬೆಳ್ಳುಳ್ಳಿ, ಒಣಮೆಣಸಿನಕಾಯಿ), ಆಲ್ಯೊ ಎ ಓಲ್ಯೊ (ಬೆಳ್ಳುಳ್ಳಿ ಮತ್ತು ಎಣ್ಣೆ), ಪೊಮೊದೊರೊ (ಟೊಮೆಟೊ ಸಾಸ್). ಸುಟ್ಟ ಬ್ರೆಡ್ಡಿನ ಮೇಲೆ ಟೊಮೆಟೊ ಹಾಕಿದ ಬ್ರುಸ್ಕೆತ್ತಾ. ಇಲ್ಲಿನ ಮೊಜರೆಲ್ಲಾ ಇದ್ದರೆ ಮಾರ್ಗರಿಟಾ ಪಿಜ್ಜಾ. ಅಮ್ಮನ ನಾಲಿಗೆಗೆ ಅರಾಬಿಯಾತಾ ಹಿಡಿಸುವ ಸಂಭವ ಹೆಚ್ಚು.

ಇದನ್ನೆಲ್ಲ ಮೇಜಿಗೆ ಕೂತ ಮೇಲೆ ಕೇಳಿದರೆ ಪ್ರಯೋಜನ ಕಡಿಮೆ. ಸ್ಟಾಕ್ ಬೆಳಿಗ್ಗೆಯೇ ಒಲೆ ಏರಿರುತ್ತದೆ. ಶನಿವಾರ ರಾತ್ರಿ ಎಂಟೂವರೆಗೆ ನಿಮಗೆಂದು ಇನ್ನೊಂದು ಪಾತ್ರೆ ಇಡಲು ಮೂರೇ ಜನರಿರುವ ಅಡುಗೆಮನೆಗೆ ಆಗದು. ಎರಡು ದಿನ ಮೊದಲು, ಮಧ್ಯಾಹ್ನದ ಊಟ ಮುಗಿದು ರಾತ್ರಿಯದು ಶುರುವಾಗದ ಮೂರರಿಂದ ಆರರ ನಡುವೆ ಫೋನ್ ಮಾಡಿ, ಮೇಜು ಕಾದಿರಿಸುವಾಗಲೇ ಹೇಳಿ. ಸಣ್ಣ ಜಾಗದ ದೊಡ್ಡ ಅನುಕೂಲ ಇದೇ: ಫೋನ್ ಎತ್ತಿದವರು ಶೆಫ್‌ಗೆ ಹತ್ತು ಹೆಜ್ಜೆ ದೂರದಲ್ಲಿರುತ್ತಾರೆ.

ಪಾಸ್ತಾ ನಡುವೆ ಹಸಿಹಸಿ ಇತ್ತು. ಹೇಳಿದರೆ ‘ಅದು ಹಾಗೇ ಇರಬೇಕು’ ಎಂದರು. ರಿಸೊತ್ತೊ ಅಂತೂ ಗಂಜಿ. ಜೊತೆಗೆ ಅರ್ಧ ಗಂಟೆ ಕಾಯಿಸಿದರು. ಮೋಸ ಹೋದೆವೆ?
– ಓದುಗರು, ಚಿಂತಾಮಣಿ

ಪಾಸ್ತಾ ಒಂದನ್ನು ಅಡ್ಡಕ್ಕೆ ಕಚ್ಚಿ ನೋಡಿ. ನಡುವೆ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಂಡು, ಹಲ್ಲಿಗೆ ಸ್ವಲ್ಪ ತಡೆ ಕೊಟ್ಟರೆ ಅದು ಅವರು ಬೇಕೆಂದೇ ಬಿಟ್ಟದ್ದು. ಅದಕ್ಕೇ ಅಲ್ ದೆಂತೆ ಎನ್ನುತ್ತಾರೆ. ಪ್ಯಾಕೆಟ್ಟಿನ ಮೇಲೆ ಬರೆದ ಹೊತ್ತಿಗಿಂತ ಒಂದೆರಡು ನಿಮಿಷ ಮೊದಲೇ ಬಸಿದು, ಉಳಿದಷ್ಟನ್ನು ಸಾಸ್‌ನ ಬಾಣಲೆಯಲ್ಲಿ ಬೇಯಿಸಿ ಮುಗಿಸುತ್ತಾರೆ. ಕಚ್ಚಿದಾಗ ಹಿಟ್ಟುಹಿಟ್ಟಾಗಿ ಹಲ್ಲಿಗೆ ಅಂಟಿದರೆ ಮಾತ್ರ ಅದು ನಿಜಕ್ಕೂ ಬೆಂದಿಲ್ಲ. ಮೊಟ್ಟೆ ಹಾಕಿದ ಫ್ರೆಶ್ ಪಾಸ್ತಾಗೆ ಈ ಸಮಜಾಯಿಷಿ ಹೊಂದುವುದೇ ಇಲ್ಲ. ಅದು ಎರಡು ಮೂರು ನಿಮಿಷದಲ್ಲಿ ಬೇಯುತ್ತದೆ, ಮೃದುವಾಗಿಯೇ ಇರಬೇಕು.

ನಿಮಗೆ ಮೆತ್ತಗೆ ಬೇಕಿದ್ದರೆ ಆರ್ಡರ್ ಕೊಡುವಾಗಲೇ ‘ಇನ್ನೆರಡು ನಿಮಿಷ ಬೇಯಿಸಿ’ ಎನ್ನಿ, ಯಾರಿಗೂ ಅವಮಾನವಲ್ಲ. ವಾಪಸ್ ಕಳಿಸುವುದಾದರೆ ಎರಡನೇ ತುತ್ತಿನೊಳಗೆ ಕಳಿಸಿ. ಮುಕ್ಕಾಲು ತಟ್ಟೆ ಖಾಲಿ ಮಾಡಿ ದೂರಿದರೆ ಯಾರೂ ಕೇಳುವುದಿಲ್ಲ.

ರಿಸೊತ್ತೊ ವಿಷಯದಲ್ಲಿ ನಿಮಗೆ ಮೋಸವಾಗಿಲ್ಲ, ಒಳ್ಳೆಯದೇ ಸಿಕ್ಕಿದೆ. ಬಿಸಿಬೇಳೆಬಾತ್ ನೆನೆಸಿಕೊಳ್ಳಿ. ಒಲೆಯಿಂದ ಇಳಿಸುವಾಗ ಸಡಿಲವಾಗಿರಬೇಕು, ಆರಿದಂತೆ ತಾನೇ ಬಿಗಿಯುತ್ತದೆ. ರಿಸೊತ್ತೊ ಅದಕ್ಕಿಂತ ಅವಸರದ್ದು. ಅರ್ಬೋರಿಯೊ, ಕಾರ್ನರೋಲಿಯಂಥ ದಪ್ಪ ಅಕ್ಕಿಯನ್ನು ತೊಳೆಯದೆ ಬೆಣ್ಣೆಯಲ್ಲಿ ಹುರಿದು, ಬಿಸಿ ಸ್ಟಾಕನ್ನು ಒಂದೊಂದೇ ಸೌಟು ಹಾಕುತ್ತ 16ರಿಂದ 18 ನಿಮಿಷ ಬೇಯಿಸಬೇಕು. ಅಕ್ಕಿಯ ಮೈಮೇಲಿನ ಪಿಷ್ಟ ಬಿಟ್ಟುಕೊಂಡೇ ಆ ಕೆನೆತನ ಬರುವುದು. ಕೊನೆಗೆ ಉರಿ ಆರಿಸಿ, ತಣ್ಣನೆಯ ಬೆಣ್ಣೆಯನ್ನೂ ಚೀಸನ್ನೂ ಬಡಿದು ಸೇರಿಸುತ್ತಾರೆ. ತಟ್ಟೆಯ ತಳವನ್ನು ಅಂಗೈಯಿಂದ ತಟ್ಟಿದರೆ ಅಲೆಯ ಹಾಗೆ ಹರಡಿಕೊಳ್ಳಬೇಕು. ಗುಡ್ಡೆಯಾಗಿ ಕೂತಿದ್ದರೆ ಅದು ಅಡುಗೆಮನೆಯ ಕಿಟಕಿಯ ಬಳಿ ಕಾದು ಬಂದದ್ದು. ಐದು ನಿಮಿಷಕ್ಕೇ ಬಂದರೆ ಮುಕ್ಕಾಲು ಬೇಯಿಸಿಟ್ಟು ಬಿಸಿ ಮಾಡಿದ್ದು. ಹಾಗಾಗಿ ನಿಮ್ಮನ್ನು ಕಾಯಿಸಿದ ಅರ್ಧ ಗಂಟೆಯಲ್ಲಿ ಬಹುಪಾಲು ನ್ಯಾಯವಾದದ್ದು. ‘ಕನಿಷ್ಠ ಇಬ್ಬರಿಗೆ’ ಎಂದು ಮೆನುವಿನಲ್ಲಿ ಬರೆಯುವುದೂ ಇದಕ್ಕೇ: ಒಬ್ಬ ಅಡುಗೆಯವನ ಹದಿನೆಂಟು ನಿಮಿಷ ಆ ಒಂದೇ ಪಾತ್ರೆಗೆ ಕಟ್ಟಿಬೀಳುತ್ತದೆ.

ನಾವು ನಾಲ್ವರು. ಮೆನುವಿನಲ್ಲಿ ಆಂತಿಪಾಸ್ತಿ, ಪ್ರೀಮಿ, ಸೆಕೊಂದಿ ಎಂದು ಭಾಗ ಮಾಡಿದ್ದಾರೆ. ಪ್ರತಿಯೊಬ್ಬರೂ ಎಲ್ಲದರಲ್ಲೂ ಒಂದೊಂದು ತೆಗೆದುಕೊಳ್ಳಲೇಬೇಕೆ?
– ಓದುಗರು, ಮುಳಬಾಗಿಲು

ಬೇಡ. ಆಂತಿಪಾಸ್ತಿ ಎಂದರೆ ಊಟಕ್ಕೆ ಮುಂಚಿನ ಸಣ್ಣ ತಿನಿಸು; ಪ್ರೀಮಿಯಲ್ಲಿ ಪಾಸ್ತಾ, ರಿಸೊತ್ತೊ, ಸೂಪು; ಸೆಕೊಂದಿಯಲ್ಲಿ ಮೀನು, ಮಾಂಸ. ಪಲ್ಯ ಸಲಾಡ್‌ಗಳು ಕೊಂತೋರ್ನಿ ಎಂದು ಬೇರೆಯೇ ಇರುತ್ತವೆ, ಬೆಲೆಯೂ ಬೇರೆ. ಸೆಕೊಂದೊ ತಟ್ಟೆಯಲ್ಲಿ ಬರೀ ಮೀನಿನ ತುಂಡು ಬಂತು ಎಂದು ಬೇಸರಪಡುವವರು ಇದನ್ನು ಗಮನಿಸಿರುವುದಿಲ್ಲ.

ಒಂದು ತಟ್ಟೆ ಪಾಸ್ತಾ ಅಂದರೆ ಒಣ ತೂಕದಲ್ಲಿ 80ರಿಂದ 100 ಗ್ರಾಂ. ಮುದ್ದೆ ಉಂಡು ರೂಢಿಯಿದ್ದವರಿಗೆ ಅದೊಂದೇ ಸಾಲದು. ನಾಲ್ವರಿಗೆ ಎರಡು ಆಂತಿಪಾಸ್ತಿ, ಮೂರು ಪ್ರೀಮಿ, ಎರಡು ಸೆಕೊಂದಿ, ಒಂದು ಕೊಂತೋರ್ನೊ, ಎರಡು ಸಿಹಿ ಧಾರಾಳವಾಯಿತು. ಸಸ್ಯಾಹಾರಿಗಳೇ ಆದರೆ ಸೆಕೊಂದಿ ಬಿಟ್ಟು ಪ್ರೀಮಿ ನಾಲ್ಕು ಮಾಡಿ. ‘ಹಂಚಿಕೊಂಡು ತಿನ್ನುತ್ತೇವೆ, ಒಂದೊಂದಾಗಿ ಕಳಿಸಿ’ ಎಂದು ಮೊದಲೇ ಹೇಳದಿದ್ದರೆ ಮೂರು ಪಾಸ್ತಾ ಒಟ್ಟಿಗೇ ಮೇಜಿಗಿಳಿದು, ಮೂರನೆಯದನ್ನು ಮುಟ್ಟುವ ಹೊತ್ತಿಗೆ ಆರಿ ಅಂಟಿಕೊಂಡಿರುತ್ತದೆ. ಶುರುವಿನಲ್ಲಿ ಬರುವ ಬ್ರೆಡ್ಡನ್ನು ಹಸಿವಿಗೆ ಖಾಲಿ ಮಾಡಬೇಡಿ, ಒಂದು ಚೂರು ಉಳಿಸಿಕೊಂಡು ತಟ್ಟೆಯ ಸಾಸ್ ಒರೆಸಿ ತಿನ್ನಿ. ಇಟಲಿಯವರೂ ಹಾಗೇ ಮಾಡುತ್ತಾರೆ, ಅದಕ್ಕೆ ಸ್ಕಾರ್ಪೆತ್ತಾ ಎಂಬ ಮುದ್ದಿನ ಹೆಸರೂ ಇದೆ.

ಸ್ಪಗೆಟ್ಟಿ ತಿನ್ನುವುದು ಹೇಗೆ? ಅಂಗಿಗೆಲ್ಲ ಸಾಸ್ ಹಾರುತ್ತದೆ. ಪಿಜ್ಜಾ ಕೈಯಲ್ಲಿ ತಿಂದರೆ ನೋಡಿದವರು ನಗುತ್ತಾರೆಯೆ?
– ಓದುಗರು, ಮಧುಗಿರಿ

ಸಾಸ್ ಹಾರುವುದು ಒಮ್ಮೆಗೆ ಹೆಚ್ಚು ಎಳೆ ಎತ್ತುವುದರಿಂದ. ಗುಡ್ಡೆಯ ಅಂಚಿನಿಂದ ಮೂರು ನಾಲ್ಕು ಎಳೆಗಳನ್ನಷ್ಟೇ ಫೋರ್ಕಿಗೆ ಸಿಕ್ಕಿಸಿ, ಮೊನೆಯನ್ನು ತಟ್ಟೆಯ ಬದಿಗೆ ಒತ್ತಿ, ಎತ್ತದೆ ಅಲ್ಲೇ ಸುತ್ತಿ. ಬಾಲ ಬಿಡದೆ ಉಂಡೆಯಾದ ಮೇಲೆ ಎತ್ತಿ. ಚಾಕುವಿನಿಂದ ಕತ್ತರಿಸಬೇಡಿ, ತುಂಡಾದ ಎಳೆ ಸುತ್ತಲು ಬಾರದೆ ಇನ್ನಷ್ಟು ಕಾಟ ಕೊಡುತ್ತದೆ. ಪಿಜ್ಜಾ ಕತ್ತರಿಸಿಕೊಂಡು ಕೈಯಲ್ಲಿ ಮಡಚಿ ತಿನ್ನಿ. ನಗುವವರು ನಗಲಿ.

ಬಿಲ್ಲಿನಲ್ಲಿ ಸರ್ವಿಸ್ ಚಾರ್ಜ್ ಶೇ 10 ಸೇರಿಸಿದ್ದರು. ನೀರಿಗೆ, ಟ್ರಫಲ್‌ಗೆ ಬೇರೆ ದುಡ್ಡು. ಕೊಡದೆ ಬರಬಹುದಿತ್ತೆ?
– ಓದುಗರು, ಗೌರಿಬಿದನೂರು

ಸರ್ವಿಸ್ ಚಾರ್ಜ್ ತೆಗೆಯಿರಿ ಎನ್ನಬಹುದಿತ್ತು. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು; 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಒಪ್ಪದಿದ್ದರೆ ಗ್ರಾಹಕ ಸಹಾಯವಾಣಿ 1915. ಜಿಎಸ್‌ಟಿ ಬೇರೆ ವಿಷಯ, ಅದು ಸರ್ಕಾರದ್ದು, ಕೊಡಲೇಬೇಕು. ಸರ್ವಿಸ್ ಚೆನ್ನಾಗಿತ್ತೆನಿಸಿದರೆ ಟಿಪ್ಸನ್ನು ನಿಮ್ಮ ಕೈಯಾರೆ ಬಡಿಸಿದವರಿಗೇ ಕೊಡಿ.

ನೀರಿನ ಮಟ್ಟಿಗೆ ಜಗಳ ನಿಲ್ಲುವುದಿಲ್ಲ. ಕೂರಿಸಿ ಬಡಿಸುವ ಹೋಟೆಲುಗಳು ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲೇ ಹೇಳಿದೆ. ‘ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?’ (ಸಾದಾ ಬಾಟಲಿ ನೀರೇ, ಗುಳ್ಳೆಯದೇ?) ಎಂದು ಕೇಳಿದಾಗ ಎರಡರಲ್ಲಿ ಒಂದನ್ನು ಆರಿಸಲೇಬೇಕೆಂದಿಲ್ಲ. ‘ಮಾಮೂಲಿ ಫಿಲ್ಟರ್ ನೀರು ಕೊಡಿ’ ಎನ್ನಿ. ಟ್ರಫಲ್ ಎಂಬ ನೆಲದಡಿಯ ಅಣಬೆಯನ್ನು ಗ್ರಾಂ ಲೆಕ್ಕದಲ್ಲಿ ತೂಗಿ, ಮೇಜಿನ ಬಳಿ ತಂದು ತುರಿಯುತ್ತಾರೆ. ‘ಸ್ವಲ್ಪ ಹಾಕಲೆ?’ ಎಂಬ ಸೌಜನ್ಯದ ಪ್ರಶ್ನೆಯ ಹಿಂದೆ ದರವಿದೆ, ಮೊದಲು ಅದನ್ನು ಕೇಳಿ. ಮೀನಿನ ಬೆಲೆಯೂ ಕೆಲವೆಡೆ 100 ಗ್ರಾಂಗೆ ಎಂದು ಬರೆದಿರುತ್ತದೆ. ಇಡೀ ಮೀನು 600 ಗ್ರಾಂ ಇದ್ದರೆ ಆರರಿಂದ ಗುಣಿಸಿಕೊಳ್ಳಿ. ಇನ್ನು ಟ್ರಫಲ್ ಎಣ್ಣೆ, ಬಹುತೇಕ ಪ್ರಯೋಗಾಲಯದ ಪರಿಮಳ. ಅದಕ್ಕೆ ಹೆಚ್ಚು ದುಡ್ಡು ತೆರಬೇಡಿ.

ಅಲ್ಲಿ ತಿಂದ ಟೊಮೆಟೊ ಸಾಸ್ ಸಿಹಿಯಾಗಿ, ದಟ್ಟವಾಗಿತ್ತು. ಮನೆಯಲ್ಲಿ ನಮ್ಮ ಮಂಡಿಯ ಹಣ್ಣಿನಲ್ಲೇ ಮಾಡಿದರೆ ನೀರುನೀರು, ಹುಳಿಹುಳಿ. ಇಷ್ಟೊಂದು ಟೊಮೆಟೊ ಬೆಳೆಯುವ ಊರಿನಲ್ಲಿ ಇದೇನು ಗ್ರಹಚಾರ?
– ಓದುಗರು, ಕೋಲಾರ

ಗ್ರಹಚಾರವಲ್ಲ, ತಳಿ ಮತ್ತು ಕೊಯ್ಲು. ಇಟಲಿಯವರು ಸಾಸ್‌ಗೆ ಮೆಚ್ಚುವ ಸಾನ್ ಮಾರ್ಜಾನೊ ಉದ್ದನೆಯ ಹಣ್ಣು: ತಿರುಳು ಹೆಚ್ಚು, ಬೀಜ ಕಡಿಮೆ, ಹುಳಿಯೂ ಕಡಿಮೆ. ಗಿಡದಲ್ಲೇ ಕೆಂಪಾದ ಮೇಲೆ ಕಿತ್ತು ಡಬ್ಬಿಗೆ ತುಂಬುತ್ತಾರೆ. ರೆಸ್ಟೊರೆಂಟಿನಲ್ಲಿ ನೀವು ತಿಂದದ್ದು ಬಹುಶಃ ಆ ಡಬ್ಬಿಯದು. ಕೋಲಾರದ ಮಂಡಿಗೆ 15 ಕೆಜಿ ಬಾಕ್ಸಿನಲ್ಲಿ ಬರುವುದು ಲಾರಿಯಲ್ಲಿ ದೂರದ ರಾಜ್ಯಗಳಿಗೆ ಹೋಗಬೇಕಾದ, ಸಿಪ್ಪೆ ದಪ್ಪಗಿರುವ ಹೈಬ್ರಿಡ್. ಅದನ್ನು ದೋರಗಾಯಿಯಲ್ಲೇ ಕೀಳುತ್ತಾರೆ.

ಆದರೂ ಅದರಲ್ಲೇ ಒಳ್ಳೆಯ ಸಾಸ್ ಬರುತ್ತದೆ. ಉದ್ದನೆಯ, ಗಟ್ಟಿ ತಿರುಳಿನ ಹಣ್ಣು 1 ಕೆಜಿ ಆರಿಸಿ, ಫ್ರಿಜ್ಜಿಗೆ ಹಾಕದೆ ಎರಡು ಮೂರು ದಿನ ಹೊರಗಿಟ್ಟು ಪೂರ್ತಿ ಕೆಂಪಾಗಲು ಬಿಡಿ. ತಳಕ್ಕೆ ಕತ್ತರಿ ಗುರುತು ಕೊಯ್ದು, ಕುದಿಯುವ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ತಣ್ಣೀರಿಗೆ ಹಾಕಿದರೆ ಸಿಪ್ಪೆ ಸುಲಿದು ಬರುತ್ತದೆ. ಅಡ್ಡಕ್ಕೆ ಹೆಚ್ಚಿ ಬೀಜದ ಲೋಳೆಯನ್ನು ಬೆರಳಿನಿಂದ ತೆಗೆದು ಜರಡಿಯಲ್ಲಿ ಸೋಸಿ, ಬೀಜ ಬಿಟ್ಟು ಆ ರಸವನ್ನು ತಿರುಳಿಗೇ ಸೇರಿಸಿಕೊಳ್ಳಿ. ಅಗಲ ಬಾಯಿಯ ಬಾಣಲೆಯಲ್ಲಿ 3 ದೊಡ್ಡ ಚಮಚ ಆಲಿವ್ ಎಣ್ಣೆ, ಜಜ್ಜಿದ 2 ಎಸಳು ಬೆಳ್ಳುಳ್ಳಿ, ಸಣ್ಣ ಉರಿ. ನಮ್ಮ ಕೈ ಒಗ್ಗರಣೆಗೆ ಪಳಗಿದ್ದು, ಬೆಳ್ಳುಳ್ಳಿ ಕೆಂಪಾಗುವವರೆಗೆ ಕಾಯುತ್ತದೆ. ಇಲ್ಲಿ ಅಂಚು ಹೊನ್ನಿನ ಬಣ್ಣಕ್ಕೆ ತಿರುಗಿದ ಕೂಡಲೇ ಟೊಮೆಟೊ ಬೀಳಬೇಕು, ತಡವಾದರೆ ಸಾಸ್ ಪೂರ್ತಿ ಕಹಿ. ಅರ್ಧ ಚಮಚ ಉಪ್ಪು ಹಾಕಿ, ಮುಚ್ಚಳ ಹಾಕದೆ 25ರಿಂದ 30 ನಿಮಿಷ ಬೇಯಿಸಿ. ನೀರುನೀರಾಗುವುದು ಮುಚ್ಚಳ ಮುಚ್ಚುವುದರಿಂದ, ಕುಕ್ಕರಿನಲ್ಲಿ ಕೂಗಿಸುವುದರಿಂದ. ಒತ್ತರಿಸಿದ ಸೌಟಿನ ಹಿಂದೆ ದಾರಿ ಬಿದ್ದು, ಎಣ್ಣೆ ಅಂಚಿಗೆ ಬಂದರೆ ಆಯಿತು. ಇನ್ನೂ ಹುಳಿ ಎನಿಸಿದರೆ ಚಿಟಿಕೆ ಸಕ್ಕರೆ. ಮಿಕ್ಸಿಗೆ ಹಾಕಬೇಡಿ, ಗಾಳಿ ಸೇರಿ ಬಣ್ಣ ಕಿತ್ತಳೆಗೆ ತಿರುಗುತ್ತದೆ. ಸೌಟಿನಿಂದ ಮಸೆದರೆ ಸಾಕು.

ಇದು 400 ಗ್ರಾಂ ಪಾಸ್ತಾಗೆ, ನಾಲ್ವರಿಗೆ. 4 ಲೀಟರ್ ನೀರಿಗೆ 40 ಗ್ರಾಂ ಉಪ್ಪು ಹಾಕಿ ಕುದಿಸಿ, ಪಾಸ್ತಾ ಬಸಿಯುವ ಮುನ್ನ ಆ ನೀರನ್ನು ಒಂದು ಲೋಟ ತೆಗೆದಿಡಿ. ಬಾಣಲೆಯಲ್ಲಿ ಪಾಸ್ತಾ, ಸಾಸ್, ಅರ್ಧ ಲೋಟ ಆ ನೀರು ಸೇರಿಸಿ ಜೋರು ಉರಿಯಲ್ಲಿ ಒಂದು ನಿಮಿಷ ಎಗರಿಸಿದರೆ ಸಾಸ್ ತಟ್ಟೆಯ ತಳಕ್ಕಿಳಿಯದೆ ಎಳೆಗೆ ಹಿಡಿಯುತ್ತದೆ. ಬೇಸಿಲ್ ಎಲೆಯನ್ನು ಒಲೆ ಆರಿಸಿದ ಮೇಲೆ ಕೈಯಲ್ಲಿ ಹರಿದು ಹಾಕಿ. ಸಿಗದಿದ್ದರೆ ಮನೆ ಮುಂದಿನ ತುಳಸಿ ಕೀಳಬೇಡಿ, ಅದರ ಖಾರದ ಲವಂಗದ ಘಾಟು ಇದಕ್ಕೆ ಕೂಡುವುದಿಲ್ಲ. ಏನೂ ಹಾಕದೆ ಬಿಟ್ಟರೂ ನಡೆಯುತ್ತದೆ.