ನೀರು ಕಲ್ಲಿನ ಹಾಗಿದೆಯಲ್ಲ!

ಓದುಗರ ಪತ್ರ: ಕಳೆದ ಸಂಚಿಕೆಯ ಮುಖಪುಟಕ್ಕೆ ಫ್ರೆಂಚ್ ಚಿತ್ರಕಾರ ಪಾಲ್ ಸೆಜಾನ್ ಬರೆದ ಸರೋವರದ ಚಿತ್ರ ಹಾಕಿದ್ದೀರಿ. ನೀರು ನೀರಿನ ಹಾಗೇ ಇಲ್ಲ, ಕಲ್ಲು ಜೋಡಿಸಿದಂತಿದೆ. ಪ್ರಿಂಟ್ ಕೆಟ್ಟಿತಾ? ಅಸಲಿ ಚಿತ್ರ ಲಂಡನ್ನಿನಲ್ಲಿದೆಯಂತೆ. ಮಗಳು ಅಲ್ಲೇ ಇದ್ದಾಳೆ, ನೋಡಿ ಬಾ ಅನ್ನಲೇ?

ಸಂಪಾದಕರ ಉತ್ತರ: ಮೇಡಂ, ಪ್ರಿಂಟ್ ಕೆಟ್ಟಿಲ್ಲ. ನಿಮ್ಮ ಕಣ್ಣೂ ಸರಿಯಾಗೇ ಇದೆ. ಆ ನೀರನ್ನು ಸೆಜಾನ್ ಬೇಕಂತಲೇ ಗಟ್ಟಿ ಮಾಡಿದ್ದಾನೆ.

ಅದು ಫ್ರಾನ್ಸಿನ ಆಲ್ಪ್ಸ್ ಸೀಮೆಯ ಆನ್ಸಿ ಸರೋವರ. 1896ರ ಬೇಸಿಗೆಯಲ್ಲಿ ಹೆಂಡತಿ, ಮಗನ ಜೊತೆ ರಜೆಗೆ ಹೋಗಿದ್ದ. ಆಗ ಅವನಿಗೆ 57 ವರ್ಷ. ಬೇಜಾರು ಕಳೆಯಲು ಕುಂಚ ಹಿಡಿದ. ಜಾಗ ಮಾತ್ರ ಅಷ್ಟೇನೂ ಹಿಡಿಸಲಿಲ್ಲ. ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಸುಡುಬಿಸಿಲು, ಬೋಳು ಬಂಡೆ ನೋಡಿ ಬೆಳೆದವನು ಅಲ್ವಾ? ಪ್ರವಾಸಕ್ಕೆ ಬರುವ ಹುಡುಗಿಯರು ಆಲ್ಬಮ್ಮಿನಲ್ಲಿ ಬರೆದುಕೊಳ್ಳುವಂಥ ನೋಟ ಇದು ಎಂದು ಗೆಳೆಯನಿಗೆ ಪತ್ರ ಬರೆದು ಗೊಣಗಿದ.

ಅಂಥ ಅಂದದ ಜಾಗವನ್ನು ಅವನು ಏನು ಮಾಡಿದ ನೋಡಿ. ಎಡಗಡೆ ಒಂದು ದಪ್ಪ ಮರ, ಅದರ ಕೊಂಬೆ ಮೇಲೆಲ್ಲ ಚಾಚಿದೆ. ಎದುರು ದಂಡೆಯಲ್ಲಿ ಹಳೇ ಕೋಟೆಮನೆ, ಅದರ ಹಿಂದೆ ಬೆಟ್ಟ. ಆಕಾಶಕ್ಕೆ ಜಾಗವೇ ಇಲ್ಲ ಅನ್ನಬಹುದು. ಒಬ್ಬ ಮನುಷ್ಯನೂ ಇಲ್ಲ. ಅವನ ಕಾಲದ ಇನ್ನೊಬ್ಬ ಫ್ರೆಂಚ್ ಚಿತ್ರಕಾರ ಮೋನೆ ನೀರು ಬರೆದರೆ ಸಣ್ಣ ಸಣ್ಣ ಅಡ್ಡಗೀರುಗಳಲ್ಲಿ ಅಲೆ ಮಿನುಗುತ್ತದೆ. ಇಲ್ಲಿ ಕೋಟೆಮನೆಯ ಬಿಂಬ ನೇರವಾಗಿ, ಕಂಬದ ಹಾಗೆ ಕೆಳಗಿಳಿಯುತ್ತದೆ. ಬೆಟ್ಟಕ್ಕೆ ಬಳಿದ ನೀಲಿ, ಹಸಿರನ್ನೇ ನೀರಿಗೂ ಬಳಿದಿದ್ದಾನೆ. ಕುಂಚದ ಪಟ್ಟಿಗಳೂ ಅಷ್ಟೇ ದಪ್ಪ. ಹಾಗಾಗಿ ಬೆಟ್ಟದಷ್ಟೇ ತೂಕ ನೀರಿಗೂ ಬಂದಿದೆ. ನಿಮಗೆ ಕಲ್ಲು ಅನಿಸಿದ್ದು ಇದಕ್ಕೇ.

ನನಗಂತೂ ಈ ನೀರೇ ಇಷ್ಟ. ಊರಿನ ಸೇಂಟ್ ವಿಕ್ಟೋರ್ ಬೆಟ್ಟವನ್ನು ಪ್ರೀತಿಯಿಂದ ಮತ್ತೆ ಮತ್ತೆ ಬರೆದವನು, ಮನಸ್ಸಿಗೆ ಹಿಡಿಸದ ಜಾಗದಲ್ಲೂ ಇಂಥದ್ದೊಂದು ಬರೆದುಬಿಟ್ಟ. ಚೆಂದದ ಜಾಗವಾಗಿದ್ದರಿಂದಲೇ ಇಷ್ಟು ಹಟ ಹಿಡಿದನೇನೋ!

ಮಗಳು ಖಂಡಿತ ಹೋಗಲಿ. ಸಾಮರ್‌ಸೆಟ್ ಹೌಸ್‌ನ ಕೋರ್ಟಾಲ್ಡ್ ಗ್ಯಾಲರಿ. ಟಿಕೆಟ್ ಇದೆ, ಪುಕ್ಕಟೆ ಅಲ್ಲ. ಚಿತ್ರ ತುಂಬ ದೊಡ್ಡದೇನಲ್ಲ, ಸುಮಾರು 65 ಸೆಂ.ಮೀ. ಎತ್ತರ, 81 ಅಗಲ. ಮೊದಲು ಮರದ ಕಾಂಡವನ್ನು ಹತ್ತಿರದಿಂದ ನೋಡಲಿ. ಅಷ್ಟೊಂದು ನೀಲಿಯ ನಡುವೆ ಬೆಳಗಿನ ಬಿಸಿಲು ಬಿದ್ದ ಕಡೆ ಬೆಚ್ಚನೆಯ ಕಂದು, ಕಿತ್ತಳೆ ಇದೆ. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿದು ನೀರು ನೋಡಲಿ. ಕಲ್ಲೋ ನೀರೋ, ಅವಳ ತೀರ್ಪು ನಮಗೂ ಬರೆದು ಕಳಿಸಿ.