ಐವತ್ತಕ್ಕೆ ಐವತ್ತು ಸೇರಿದರೆ ನೂರಾಗದೇ?

ಪ್ರಶ್ನೆ: 50 ಮಿ.ಲೀ. ನೀರಿಗೆ 50 ಮಿ.ಲೀ. ಶುದ್ಧ ಎಥನಾಲ್ (ಮದ್ಯಸಾರ) ಬೆರೆಸಿದೆ. ಬಂದದ್ದು 97 ಮಿ.ಲೀ.ಗೂ ಕಡಿಮೆ. ಉಳಿದದ್ದು ಆವಿಯಾಯಿತೇ?

ಉತ್ತರ: ಇಲ್ಲ, ಕಳೆದದ್ದು ಗಾತ್ರ ಮಾತ್ರ. ತೂಗಿ ನೋಡಿ: ನೀರು ಸುಮಾರು 49.9 ಗ್ರಾಂ, ಎಥನಾಲ್ 39.5 ಗ್ರಾಂ, ಬೆರೆಸಿದ ಮೇಲೂ 89.4 ಗ್ರಾಂ. ನೀರಿನ ಅಣುಗಳೂ ಎಥನಾಲ್ ಅಣುಗಳೂ ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಎಳೆದುಕೊಂಡು ಹೆಚ್ಚು ಒತ್ತಾಗಿ ಕೂರುತ್ತವೆ. ಮರಳು ಜಲ್ಲಿಯ ಸಂದಿಗೆ ಇಳಿಯುವ ಹೋಲಿಕೆ ಜನಪ್ರಿಯ, ಆದರೆ ಅರೆಬರೆ. ಜಲ್ಲಿಗೆ ಮರಳಿನ ಮೇಲೆ ಸೆಳೆತವಿಲ್ಲವಲ್ಲ!

20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 96.5 ಮಿ.ಲೀ. ಸಿಗಬೇಕು. ಬೆರೆಸಿದೊಡನೆ ದ್ರವ ಬೆಚ್ಚಗಾಗಿ ಹಿಗ್ಗುವುದರಿಂದ ಆಗಲೇ ಅಳೆದರೆ ಹೆಚ್ಚು ತೋರಿಸುತ್ತದೆ. ಬಾಯಿ ಮುಚ್ಚಿ, ತಣಿಯಲು ಬಿಡಿ, ಗುಳ್ಳೆಗಳೂ ಹೋಗುತ್ತವೆ. ಬೀಕರ್ ಬೇಡ, ಅದರ ಗೆರೆಗಳು ಅಂದಾಜಿನವು. 100 ಮಿ.ಲೀ. ಅಳತೆ ಜಾಡಿಯಲ್ಲಿ ಬಾಗಿದ ಮೇಲ್ಮೈಯ ತಳವನ್ನು ಕಣ್ಣಿನ ಮಟ್ಟದಲ್ಲಿಟ್ಟು ಓದಿ. ಸುರಿದ ಜಾಡಿಯ ಗೋಡೆಗೆ ಅಂಟಿ ಉಳಿಯುವ ಹನಿಗಳೇ ಅರ್ಧ ಮಿ.ಲೀ. ನುಂಗಬಹುದು, ಪೂರ್ತಿ ಬಸಿಯಲಿ. ಹತ್ತಿರ ಬೆಂಕಿ ಇರಕೂಡದು.

ಎಲ್ಲ ಮಿಶ್ರಣವೂ ಕುಗ್ಗುವುದಿಲ್ಲ. ಬೆಂಜೀನ್ ಮತ್ತು ಸೈಕ್ಲೋಹೆಕ್ಸೇನ್ ಎಂಬ ದ್ರವಗಳು ಬೆರೆತರೆ ಗಾತ್ರ ತುಸು ಹಿಗ್ಗುತ್ತದೆ. ಬೆಂಜೀನ್ ಕ್ಯಾನ್ಸರ್‌ಕಾರಕ, ಅದನ್ನು ಮನೆಯಲ್ಲಿ ಪರೀಕ್ಷಿಸಬೇಡಿ.

ಪ್ರಶ್ನೆ: ಬಟ್ಟಿ ಇಳಿಸಿದರೆ ಎಥನಾಲ್ ಪೂರ್ತಿ ಮರಳಿ ಸಿಗುತ್ತದೆಯೇ?

ಉತ್ತರ: ಸಾಮಾನ್ಯ ಒತ್ತಡದಲ್ಲಿ ಶುದ್ಧವಾಗಿ ಸಿಗದು. ತೂಕದಲ್ಲಿ ಶೇ. 95.6 ಎಥನಾಲ್ ತಲುಪಿದಾಗ ಆವಿಯಲ್ಲೂ ದ್ರವದಲ್ಲೂ ಒಂದೇ ಪ್ರಮಾಣವಿರುತ್ತದೆ. ಎಷ್ಟು ಕುದಿಸಿದರೂ ಅಷ್ಟೇ. ಉಳಿದ ನೀರನ್ನು ಹೀರಲು ಸುಟ್ಟ ಸುಣ್ಣದಂಥ ವಸ್ತು ಬೇಕು.