ಹರಳು ಹೊಳೆದರೆ ಅನುಮಾನಪಡಿ

ಮಂಡ್ಯದ ಓದುಗರೊಬ್ಬರು ಬರೆದಿದ್ದಾರೆ: “ಮಗಳು ಮೈಸೂರಿನಲ್ಲಿ ಮನೆ ಕಟ್ಟಿಸಿದ್ದಾಳೆ, ಮುಂದಿನ ತಿಂಗಳು ಗೃಹಪ್ರವೇಶ. ದೇವರ ಮನೆಗೆ ಗಜಲಕ್ಷ್ಮಿಯ ಮೈಸೂರು ಚಿತ್ರ ಕೊಡೋಣವೆಂದು ಅಂಗಡಿಗೆ ಹೋದೆವು. ಕಿರೀಟದ ತುಂಬ ಕೆಂಪು, ಹಸಿರು ಹರಳು. ‘ಅಪ್ಪಟ ಮೈಸೂರು ಶೈಲಿ, ಅಪ್ಪಟ ಚಿನ್ನ’ ಅಂದರು. ನಂಬಬಹುದೇ? ಅದರ ಬದಲು ಬೀಟೆ ಮರದಲ್ಲಿ ಬೇರೆ ಮರದ ಚೂರು ಕೂರಿಸಿದ ಇನ್‌ಲೇ ಚಿತ್ರ ವಾಸಿಯೇ? ಮೂರು ವರ್ಷದ ಮೊಮ್ಮಗನಿಗೆ ಚನ್ನಪಟ್ಟಣದ ಗೊಂಬೆಯನ್ನೂ ತೆಗೆದುಕೊಳ್ಳಬೇಕು.”

ಸಂಪಾದಕರ ಉತ್ತರ:

ನೀವು ನೋಡಿದ್ದು ಬಹುತೇಕ ತಂಜಾವೂರು ಶೈಲಿಯ ಚಿತ್ರ. ಸುಣ್ಣದ ಪುಡಿಯನ್ನು ಅಂಟಿನಲ್ಲಿ ಕಲಸಿ ದಪ್ಪಗೆ ಉಬ್ಬಿಸಿ, ಅದರಲ್ಲಿ ಹರಳು, ಗಾಜು ಕೂರಿಸುವುದು ಅಲ್ಲಿನ ರೀತಿ. ಅದೂ ಒಳ್ಳೆಯ ಕಲೆಯೇ, ತಕರಾರಿಲ್ಲ. ಆದರೆ ಅದಕ್ಕೆ ಮೈಸೂರಿನ ಹೆಸರು ಹಚ್ಚಿ ಮಾರಿದವರು ಚಿನ್ನದ ವಿಷಯದಲ್ಲಿ ಹೇಳಿದ್ದನ್ನೂ ಕಣ್ಣುಮುಚ್ಚಿ ನಂಬಬೇಡಿ.

ಮೈಸೂರು ಚಿತ್ರದ ಉಬ್ಬು ತೀರಾ ತೆಳು. ಹಳೆಯ ಕ್ರಮದಲ್ಲಿ ಹುಣಸೆ ಕಡ್ಡಿಯ ಇದ್ದಿಲಿನಿಂದ ರೇಖೆ ಬರೆಯುತ್ತಾರೆ. ಒಡವೆ, ಜರಿಯಂಚು, ಪ್ರಭಾವಳಿ ಬರುವ ಕಡೆ ಮಕ್ಕಿ ಸಫೇದ ಎಂಬ ಸೀಸದ ಬಿಳಿ ಪುಡಿಯನ್ನು ಹಳದಿ ರಾಳ ಮತ್ತು ಅಂಟಿನೊಂದಿಗೆ ನುಣ್ಣಗೆ ಅರೆದು, ಕುಂಚದ ತುದಿಯಿಂದ ಪದರ ಪದರವಾಗಿ ಏರಿಸುತ್ತಾರೆ. ಇದನ್ನೇ ಜೆಸ್ಸೊ ಕೆಲಸ ಅನ್ನುವುದು. ಅದರ ಮೇಲೆ ಚಿನ್ನದ ರೇಕು ಕೂರಿಸಿ, ಕೊನೆಗೆ ತೆಳುಕಾಗದ ಹಾಸಿ ನುಣುಪುಗಲ್ಲಿನಿಂದ ಉಜ್ಜಿದಾಗ ಹೊಳಪು ಏಳುತ್ತದೆ. ಸರದ ಒಂದೊಂದು ಮಣಿಯೂ ಬೇರೆಬೇರೆಯಾಗಿ ಕಾಣಬೇಕು, ಆದರೆ ಎದ್ದು ಕೂತಂತೆ ಕಾಣಬಾರದು.

ಅಂಗಡಿಯಲ್ಲಿ ಮೊಬೈಲ್ ಟಾರ್ಚನ್ನು ಚಿತ್ರದ ಪಕ್ಕದಿಂದ ಅಡ್ಡಡ್ಡ ಹಿಡಿಯಿರಿ. ನಿಜವಾದ ಜೆಸ್ಸೊ ಕೂದಲೆಳೆಯಷ್ಟು ನೆರಳು ಚೆಲ್ಲುತ್ತದೆ. ನೆರಳೇ ಇಲ್ಲದಿದ್ದರೆ ಪ್ರಿಂಟು. ಭೂತಗನ್ನಡಿಯಲ್ಲಿ ನೋಡಿದರೆ ಬಣ್ಣದ ಚುಕ್ಕಿಗಳೂ ಕಂಡಾವು. ಈಗ ಮೂರನೆಯದೊಂದು ಜಾತಿಯೂ ಇದೆ: ಪ್ರಿಂಟಿನ ಮೇಲೆ ಮೆಹಂದಿ ಕೋನಿನಂಥದ್ದರಿಂದ ಗೆರೆ ಎಳೆದು ಚಿನ್ನದ ಬಣ್ಣ ಬಳಿದದ್ದು. ಅದರ ಗೆರೆ ಶಾವಿಗೆ ಎಳೆಯಂತೆ ಎಲ್ಲ ಕಡೆ ಒಂದೇ ದಪ್ಪ. ಕಣ್ಣು, ಬೆರಳು ನೋಡಿ; ಪ್ರಿಂಟಾದರೆ ಅಲ್ಲಿ ಕುಂಚದ ಸುಳಿವೇ ಇರುವುದಿಲ್ಲ.

ಇನ್ನು ಚಿನ್ನ. ತಾಮ್ರ, ಸತು ಬೆರೆಸಿದ ಹಾಳೆಯೂ ಹೊಸದರಲ್ಲಿ ಹಾಗೆಯೇ ಮಿಂಚುತ್ತದೆ, ಕೆಲವು ಮಳೆಗಾಲ ಕಳೆದ ಮೇಲೆ ಅಂಚಿನಿಂದ ಕಂದು ತಿರುಗುತ್ತದೆ. ಅಂಗಡಿಯಲ್ಲಿ ಕೆರೆದು ನೋಡುವಂತಿಲ್ಲ. ಹಾಗಾಗಿ ಬಿಲ್ಲಿನಲ್ಲಿ “ಶುದ್ಧ ಚಿನ್ನದ ರೇಕು” ಎಂದು ಬರೆಸಿಕೊಳ್ಳಿ. ಬರೆಯಲು ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಿತು. ಕೊಳ್ಳುವ ಮುಂಚೆ ಜಗನ್ಮೋಹನ ಅರಮನೆಯ ಕಲಾ ಗ್ಯಾಲರಿಗೆ ಹೋಗಿ ಹಳೆಯ ಚಿತ್ರಗಳ ಮುಂದೆ ಅರ್ಧ ಗಂಟೆ ನಿಂತು ಬನ್ನಿ, ಕಣ್ಣು ಪಳಗುತ್ತದೆ. ಆಮೇಲೆ ಸಯ್ಯಾಜಿರಾವ್ ರಸ್ತೆಯ ಸರ್ಕಾರಿ ಕಾವೇರಿ ಎಂಪೋರಿಯಂನಲ್ಲಿ ಬೆಲೆ ತಿಳಿದುಕೊಂಡು ಬೇರೆಡೆ ವಿಚಾರಿಸಿ. ಆಟೋದವರು ತಾವಾಗಿ ಕರೆದೊಯ್ಯುವ ಅಂಗಡಿಯಲ್ಲಿ ಅವರ ಕಮಿಷನ್ನೂ ನಿಮ್ಮ ಬೆಲೆಯಲ್ಲೇ ಸೇರಿರುತ್ತದೆ.

ನಿಮಗೆ ಇಷ್ಟವಾಗದ ಮಾತೊಂದಿದೆ. ಆ ಚಿತ್ರ ದೇವರ ಮನೆಗೆ ಬೇಡ. ದೀಪದ ಮಸಿ, ಕರ್ಪೂರದ ಹೊಗೆ ಜೆಸ್ಸೊದ ಸಂದಿಗಳಲ್ಲಿ ಕೂತರೆ ಒರೆಸಿ ತೆಗೆಯುವಂತಿಲ್ಲ, ಒರೆಸಿದರೆ ರೇಕೇ ಕಿತ್ತುಬರುತ್ತದೆ. ನಡುಮನೆಯಲ್ಲಿ, ಬಿಸಿಲು ನೇರ ಬೀಳದ, ಹಿಂದೆ ಬಚ್ಚಲಿಲ್ಲದ ಗೋಡೆ ಹುಡುಕಿ. ಹೊಸ ಮನೆಯ ಗಾರೆಯಲ್ಲಿ ತಿಂಗಳುಗಟ್ಟಲೆ ತೇವ ಇರುತ್ತದೆ. ಗೃಹಪ್ರವೇಶದ ದಿನ ಚಿತ್ರವನ್ನು ಮಣೆಯ ಮೇಲಿಟ್ಟು ಪೂಜೆ ಮಾಡಿ, ಗೋಡೆಗೆ ಏರಿಸುವುದು ಒಂದು ಬೇಸಿಗೆ ಕಳೆದ ಮೇಲಾಗಲಿ. ಚೌಕಟ್ಟು ಹಾಕುವವರಿಗೆ ಗಾಜು ಚಿತ್ರಕ್ಕೆ ತಾಗದಂತೆ ನಡುವೆ ಪಟ್ಟಿ ಕೊಡಲು ಹೇಳಿ. ತಾಗಿದರೆ ತೇವಕ್ಕೆ ಜೆಸ್ಸೊ ಗಾಜಿಗೇ ಅಂಟಿಕೊಂಡು ಬರುತ್ತದೆ. ಚೌಕಟ್ಟಿನ ಹಿಂಬದಿಯ ಕೆಳಮೂಲೆಗಳಿಗೆ ಕಾರ್ಕ್ ಬಿರಡೆಯ ಚೂರು ಅಂಟಿಸಿದರೆ ಗಾಳಿ ಆಡುತ್ತದೆ. ಕುಂಕುಮವೂ ಗಾಜಿಗೇ ಇರಲಿ.

ದೇವರ ಮನೆಗೆ ಕೊಡಲೇಬೇಕೆಂದರೆ ಇನ್‌ಲೇಯೂ ಬೇಡ, ಅದಕ್ಕೂ ಬಿಸಿ ಆಗದು. ನಡುಮನೆಗಾದರೆ ಧಾರಾಳವಾಗಿ ಕೊಳ್ಳಿ. ಮೈಸೂರು ಅರಮನೆಯ ಅಂಬಾವಿಲಾಸದ ಬೀಟೆ ಬಾಗಿಲುಗಳಲ್ಲಿ ಕೂರಿಸಿರುವುದು ಆನೆದಂತ. ಈಗ ದಂತದ ವ್ಯಾಪಾರಕ್ಕೇ ನಿಷೇಧವಿದೆ, ಯಾರಾದರೂ “ದಂತ” ಅಂದರೆ ಅದು ಸುಳ್ಳು, ಇಲ್ಲವೇ ಅಪರಾಧ. ಇಂದಿನ ಒಳ್ಳೆಯ ಕೆಲಸದಲ್ಲಿ ಬಣ್ಣವೆಂದರೆ ಮರದ್ದೇ ಬಣ್ಣ: ಹಳದಿಗೆ ಹಲಸು, ಕಪ್ಪು ಕಂದಿಗೆ ಬೀಟೆ. ಎಲೆ, ಸೊಂಡಿಲು, ಸೀರೆ ಎಂದು ಚೂರು ಬದಲಾದಂತೆ ಮರದ ಎಳೆಯ ದಿಕ್ಕೂ ಬದಲಾಗಬೇಕು. ಎಲ್ಲ ಚೂರುಗಳಲ್ಲೂ ಎಳೆ ಒಂದೇ ಕಡೆ ಓಡುತ್ತಿದ್ದರೆ ಅದು ಮರದಂತೆ ಅಚ್ಚು ಹಾಕಿದ ಹಾಳೆ. ಉಗುರು ಆಡಿಸಿದರೆ ಬೆಸುಗೆಯಲ್ಲಿ ತಡೆಯಬಾರದು. ಮುಂದೆ ಯಾವಾಗಲೋ ಚೂರೊಂದು ಎದ್ದರೆ ಎಸೆಯಬೇಡಿ, ಮರಕ್ಕೆ ಹಾಕುವ ಬಿಳಿ ಅಂಟು ಹಚ್ಚಿ ರಾತ್ರಿಯಿಡೀ ಭಾರ ಹೇರಿ. ಕ್ಷಣದಲ್ಲಿ ಹಿಡಿಯುವ ಅಂಟು ಪಾಲಿಶಿನ ಮೇಲೆ ಬಿಳಿ ಮಂಕು ಬಿಡುತ್ತದೆ.

ಮೊಮ್ಮಗನ ಗೊಂಬೆಯನ್ನು ಬೆಂಗಳೂರು ದಾರಿಯ ಚನ್ನಪಟ್ಟಣದಲ್ಲೇ ಕೊಂಡರೆ ಆಯ್ಕೆ ಹೆಚ್ಚು. ಹಾಲೆ ಮರವನ್ನು ಕಡೆಯುತ್ತ, ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೇ ಅರಗು ಕರಗಿ ಹಿಡಿಯುತ್ತದೆ. ತಾಳೆ, ಅಂದರೆ ಕೇದಗೆಯ, ಗರಿಯಿಂದ ಒತ್ತಿ ನುಣುಪು ತರುತ್ತಾರೆ. ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಕೊಳ್ಳಬೇಡಿ. ಬಾಯಲ್ಲಿ ಹಿಡಿಸುವಷ್ಟು ಸಣ್ಣ ಬಿಡಿ ಮಣಿ ಇರುವುದೂ ಬೇಡ. ಮಗಳಿಗೆ ಒಂದು ಮಾತು ಹೇಳಿಡಿ: ಬಿಸಿನೀರಲ್ಲಿ ತೊಳೆಯಬಾರದು, ಸ್ಯಾನಿಟೈಸರ್ ಅಂತೂ ತಾಗಿಸಲೇಬಾರದು. ಅರಗು ಸ್ಪಿರಿಟ್ಟಿಗೆ ಕರಗುತ್ತದೆ, ಮಗುವಿನ ಕೈಗೇ ಅಂಟುತ್ತದೆ.

— ಸಂ.